ಟರ್ಬ್ಯುಲೆನ್ಸ್ ಮಾಡೆಲ್ ಆಯ್ಕೆ, ಸೆಟ್ಟಿಂಗ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದಲ್ಲಿ ಪಂಪು, ಫ್ಯಾನು, ವಾಲ್ವ್ ಮಾಡುವವರಿದ್ದಾರೆ. ವೈಟ್‌ಫೀಲ್ಡ್ ಕಡೆ ಎಲೆಕ್ಟ್ರಾನಿಕ್ಸ್ ಕೂಲಿಂಗ್ ನೋಡಿಕೊಳ್ಳುವವರಿದ್ದಾರೆ. ಕೊನೆ ವರ್ಷದ ಪ್ರಾಜೆಕ್ಟ್‌ಗೆ ಕೂತಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಂತೂ ಊರ ತುಂಬ ಇದ್ದಾರೆ. ಸಿಎಫ್‌ಡಿ, ಅಂದರೆ ಗಾಳಿ ಅಥವಾ ದ್ರವದ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಕೆಲಸ, ಮಾಡುವ ಇವರೆಲ್ಲರ ಕ್ಷೇತ್ರ ಬೇರೆ ಬೇರೆ. ಆದರೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಯಾವ ಟರ್ಬ್ಯುಲೆನ್ಸ್ ಮಾಡೆಲ್ ಹಾಕಲಿ? ಟರ್ಬ್ಯುಲೆನ್ಸ್ ಅಂದರೆ ಹರಿವಿನೊಳಗಿನ ಸುಳಿಗಳ ಕಲಕಾಟ; ಅದರ ಪರಿಣಾಮವನ್ನು ಅಂದಾಜು ಮಾಡುವ ಸೂತ್ರಗಳೇ ಮಾಡೆಲ್.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಾಡೆಲ್ ಹೆಸರನ್ನು ಕೊನೆಗೆ ಆರಿಸಿ. ಅದಕ್ಕೂ ಮುಂಚೆ ಗೋಡೆ ಪಕ್ಕದ ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಸಣ್ಣ ಸೆಲ್‌ಗಳಾಗಿ ಕತ್ತರಿಸಿದ ಬಲೆ), ಇನ್‌ಲೆಟ್‌ನಲ್ಲಿ (ಹರಿವು ಒಳಬರುವ ಬಾಯಲ್ಲಿ) ಕೊಡುವ ಅಂಕಿ, ದ್ರವ ಅಥವಾ ಗಾಳಿಯ ಗುಣಗಳು, ಈ ಮೂರನ್ನು ಸರಿ ಮಾಡಿಕೊಳ್ಳಿ. ಇವು ಸರಿ ಇಲ್ಲದಿದ್ದರೆ ಮಾಡೆಲ್ ಬದಲಾಯಿಸಿ ಬದಲಾಯಿಸಿ ನೋಡಿದರೂ ಏನೂ ತಿಳಿಯುವುದಿಲ್ಲ. ಕೆಳಗಿನ ಉತ್ತರಗಳಲ್ಲಿ ಇದೇ ಮಾತು ಬೇರೆ ಬೇರೆ ಕಡೆಯಿಂದ ಬರುತ್ತದೆ.

ಮಾಡೆಲ್ ಯಾಕೆ ಬೇಕು? ಹರಿವಿನ ಸಮೀಕರಣವನ್ನು ನೇರವಾಗಿ ಬಿಡಿಸಬಾರದಾ?

ಬಿಡಿಸಬಹುದು. ಅದಕ್ಕೆ ಡಿಎನ್ಎಸ್ (ಡೈರೆಕ್ಟ್ ನ್ಯೂಮರಿಕಲ್ ಸಿಮ್ಯುಲೇಷನ್) ಅನ್ನುತ್ತಾರೆ. ತೊಂದರೆ ಇರುವುದು ಲೆಕ್ಕದ ಗಾತ್ರದಲ್ಲಿ. ಹರಿವಿನ ಅತಿ ಸಣ್ಣ ಸುಳಿಯೂ ಮೆಶ್‌ನಲ್ಲಿ ಹಿಡಿಯಬೇಕು ಎಂದರೆ ಬೇಕಾಗುವ ಬಿಂದುಗಳ ಸಂಖ್ಯೆ ರೆನಾಲ್ಡ್ಸ್ ಸಂಖ್ಯೆಯ 9/4ನೇ ಘಾತದಷ್ಟು ಏರುತ್ತದೆ. ವೇಗವನ್ನು ಪೈಪಿನ ವ್ಯಾಸದಂಥ ಅಳತೆಯಿಂದ ಗುಣಿಸಿ, ವಿಸ್ಕಾಸಿಟಿಯಿಂದ (ಸ್ನಿಗ್ಧತೆಯಿಂದ) ಭಾಗಿಸಿದರೆ ಬರುವುದೇ ರೆನಾಲ್ಡ್ಸ್ ಸಂಖ್ಯೆ. ರೆನಾಲ್ಡ್ಸ್ ಸಂಖ್ಯೆ 1 ಲಕ್ಷ ಇದ್ದರೆ ಇದು ಸುಮಾರು 18 ಸಾವಿರ ಕೋಟಿ ಬಿಂದುಗಳಾಗುತ್ತದೆ. ಮೇಲೆ ಪ್ರತಿ ಟೈಮ್ ಸ್ಟೆಪ್‌ಗೂ ಅಷ್ಟನ್ನೂ ಲೆಕ್ಕ ಹಾಕಬೇಕು. ಆಫೀಸಿನ ವರ್ಕ್‌ಸ್ಟೇಷನ್ ಬಿಡಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗದಂಥ ಸೂಪರ್ ಕಂಪ್ಯೂಟರ್‌ಗೂ ಇದು ಸಣ್ಣ ಕೆಲಸವಲ್ಲ.

ಅದಕ್ಕೇ ಸರಾಸರಿ ಹರಿವನ್ನಷ್ಟೇ ಬಿಡಿಸುತ್ತೇವೆ. ಈ ದಾರಿಯ ಹೆಸರು ರಾನ್ಸ್. ಸರಾಸರಿ ತೆಗೆದಾಗ ಸುಳಿಗಳ ಪರಿಣಾಮ ಹೊಸ ಅಜ್ಞಾತವಾಗಿ ಸಮೀಕರಣದಲ್ಲಿ ಉಳಿದುಬಿಡುತ್ತದೆ. 1877ರಲ್ಲಿ ಬೂಸಿನೆಸ್ಕ್ ಇದಕ್ಕೊಂದು ಉಪಾಯ ಹೇಳಿದರು: ಸುಳಿಗಳ ಕಲಕಾಟವನ್ನು ಹೆಚ್ಚುವರಿ ವಿಸ್ಕಾಸಿಟಿ ಎಂದು ಎಣಿಸೋಣ. ನಾವು ದಿನಾ ಬಳಸುವ ಬಹುಪಾಲು ಮಾಡೆಲ್‌ಗಳ ಕೆಲಸ ಇಷ್ಟೇ, ಪ್ರತಿ ಸೆಲ್‌ನಲ್ಲೂ ಆ ಹೆಚ್ಚುವರಿ ವಿಸ್ಕಾಸಿಟಿ ಎಷ್ಟು ಎಂದು ಅಂದಾಜು ಮಾಡಿ ಕೊಡುವುದು. ಅದು ಅಂದಾಜು ಅನ್ನುವುದು ಸದಾ ನೆನಪಿರಲಿ.

ನನ್ನ ಹರಿವು ಟರ್ಬ್ಯುಲೆಂಟ್ ಹೌದೋ ಅಲ್ಲವೋ ಗೊತ್ತಿಲ್ಲ. ಸುಮ್ನೆ ಮಾಡೆಲ್ ಆನ್ ಮಾಡಿಟ್ಟರೆ ಸೇಫ್ ಅಲ್ವಾ?

ಅಲ್ಲ. ಎಲೆಕ್ಟ್ರಾನಿಕ್ಸ್ ಕೂಲಿಂಗ್ ಮಾಡುವವರು ಇದನ್ನು ಗಮನ ಕೊಟ್ಟು ಓದಿ.

ಹೀಟ್ ಸಿಂಕ್‌ನ ಎರಡು ರೆಕ್ಕೆಗಳ ನಡುವೆ 3 ಮಿ.ಮೀ. ಅಂತರ ಇದೆ, ಗಾಳಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ಹೈಡ್ರಾಲಿಕ್ ವ್ಯಾಸ ಅಂತರದ ಎರಡರಷ್ಟು, ಅಂದರೆ ಸುಮಾರು 6 ಮಿ.ಮೀ. ರೆನಾಲ್ಡ್ಸ್ ಸಂಖ್ಯೆ 700ರ ಹತ್ತಿರ ಬರುತ್ತದೆ. ಇದು ಶುದ್ಧ ಲ್ಯಾಮಿನಾರ್ ಹರಿವು, ಅಂದರೆ ಸುಳಿಯಿಲ್ಲದೆ ಪದರ ಪದರವಾಗಿ ಸಾಗುವ ಹರಿವು. ಇಲ್ಲಿ ಕೆ ಎಪ್ಸಿಲಾನ್ ಎಂಬ ಟರ್ಬ್ಯುಲೆನ್ಸ್ ಮಾಡೆಲ್ ಹಾಕಿದರೆ ಅದು ಇಲ್ಲದ ಸುಳಿಗಳನ್ನು ಇದೆ ಎಂದುಕೊಂಡು ಶಾಖವನ್ನು ಜಾಸ್ತಿ ಎಳೆದುಬಿಡುತ್ತದೆ. ಚಿಪ್ ತಣ್ಣಗಿದೆ ಅಂತ ತೋರಿಸುತ್ತದೆ. ನಿಜವಾದ ಪೆಟ್ಟಿಗೆಯಲ್ಲಿ ಅದು ಬಿಸಿಯಾಗಿಯೇ ಇರುತ್ತದೆ. ಸೇಫ್ ಅಂತ ಮಾಡಿದ ಆಯ್ಕೆ ಇಲ್ಲಿ ಅಪಾಯದ ಕಡೆಗೇ ಒಯ್ಯುತ್ತದೆ.

ಪೈಪಿನಲ್ಲಿ ಗಡಿ ಸುಮಾರು 2300. ಓಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಬಿಟ್ಟು ನೋಡಿದ ಪ್ರಯೋಗದಿಂದ ಈ ಯೋಚನೆ ಶುರುವಾಯಿತು. ಗಡಿ ಗೆರೆ ಎಳೆದಷ್ಟು ನೇರವಾಗಿಲ್ಲ. ಒಳಗೆ ಬರುವ ಹರಿವು ತುಂಬ ಶಾಂತವಾಗಿದ್ದರೆ ಅದಕ್ಕಿಂತ ಎಷ್ಟೋ ಮೇಲಿನವರೆಗೂ ಲ್ಯಾಮಿನಾರ್ ಆಗಿಯೇ ಉಳಿಯಬಹುದು. ಒಂದೇ ಪೆಟ್ಟಿಗೆಯಲ್ಲಿ ಫ್ಯಾನಿನ ಹಿಂದೆ ಟರ್ಬ್ಯುಲೆಂಟ್, ರೆಕ್ಕೆಗಳ ನಡುವೆ ಲ್ಯಾಮಿನಾರ್ ಇರುವುದೂ ಸಾಮಾನ್ಯ. ಆಗ ರೆಕ್ಕೆಗಳ ಜಾಗವನ್ನು ಬೇರೆ ಝೋನ್ ಮಾಡಿ ಲ್ಯಾಮಿನಾರ್ ಅಂತ ಗುರುತಿಸಿ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಈ ಸೌಲಭ್ಯ ಇದೆ.

ಸಾಫ್ಟ್‌ವೇರ್‌ನಲ್ಲಿ ಗಾಳಿಯ ಸಾಂದ್ರತೆ 1.225 ಅಂತ ಬರುತ್ತದೆ. ಹಾಗೇ ಬಿಡಬಹುದಾ?

ಬೆಂಗಳೂರಿನಲ್ಲಿ ಕೂತು ಬೆಂಗಳೂರಿನ ಯಂತ್ರಕ್ಕೆ ಲೆಕ್ಕ ಹಾಕುತ್ತಿದ್ದರೆ ಬಿಡಬೇಡಿ. ಆ ಅಂಕಿ ಸಮುದ್ರ ಮಟ್ಟದ್ದು, 15 ಡಿಗ್ರಿ ಸೆಲ್ಸಿಯಸ್‌ದು. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಗಾಳಿಯ ಒತ್ತಡ ಸುಮಾರು 91 ಕಿಲೋ ಪಾಸ್ಕಲ್. 25 ಡಿಗ್ರಿಯಲ್ಲಿ ಸಾಂದ್ರತೆ ಘನ ಮೀಟರಿಗೆ 1.06 ಕೆ.ಜಿ. ಹತ್ತಿರ ಬರುತ್ತದೆ. ಅಂದರೆ ನೂರಕ್ಕೆ 13ರಷ್ಟು ಕಡಿಮೆ.

ಅದೇ ವೇಗದಲ್ಲಿ ಡ್ರ್ಯಾಗ್ (ಹರಿವು ವಸ್ತುವನ್ನು ಎಳೆಯುವ ಬಲ), ಡಕ್ಟ್‌ನ ಒತ್ತಡ ನಷ್ಟ, ಫ್ಯಾನ್ ಎತ್ತುವ ಒತ್ತಡ ಎಲ್ಲವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಕೂಲಿಂಗ್‌ನಲ್ಲಿ ಗಾಳಿಯ ತೂಕ ಕಡಿಮೆಯಾದ್ದರಿಂದ ಅದೇ ಶಾಖಕ್ಕೆ ಗಾಳಿ ಹೆಚ್ಚು ಬಿಸಿಯಾಗುತ್ತದೆ. ಎಷ್ಟೋ ಸಲ ಎರಡು ಮಾಡೆಲ್‌ಗಳ ನಡುವೆ ಬರುವ ವ್ಯತ್ಯಾಸವೇ ಇಷ್ಟಿರುವುದಿಲ್ಲ. ಟೆಸ್ಟ್ ಬೆಡ್‌ನ ಅಂಕಿಗೂ ಸಿಮ್ಯುಲೇಷನ್ ಅಂಕಿಗೂ ತಾಳೆ ಆಗುತ್ತಿಲ್ಲ ಎಂದು ಮಾಡೆಲ್ ಬದಲಿಸುವ ಮುಂಚೆ ಈ ಒಂದು ಅಂಕಿ ನೋಡಿ. ಹಾಗೇ, ಯಂತ್ರ ಮಂಗಳೂರಿಗೋ ಚೆನ್ನೈಗೋ ಹೋಗಿ ಕೂರುವುದಾದರೆ ಅಲ್ಲಿನ ಗಾಳಿಯನ್ನೇ ಹಾಕಬೇಕು.

ಸರಿ, ಯಾವುದರಿಂದ ಶುರು ಮಾಡಲಿ?

ಬೇರೆ ಬಲವಾದ ಕಾರಣ ಇಲ್ಲದಿದ್ದರೆ ಕೆ ಒಮೆಗಾ ಎಸ್‌ಎಸ್‌ಟಿ ಎಂಬ ಮಾಡೆಲ್. ಫ್ಲೂಯೆಂಟ್, ಸ್ಟಾರ್ ಸಿಸಿಎಂ ಪ್ಲಸ್, ಓಪನ್‌ಫೋಮ್ ಹೀಗೆ ಸಿಎಫ್‌ಡಿ ಸಾಫ್ಟ್‌ವೇರ್ ಎಲ್ಲದರಲ್ಲೂ ಇದೆ. ಮಾಡೆಲ್‌ಗಳ ಹೆಸರಿನಲ್ಲಿ ಬರುವ ಕೆ ಅಂದರೆ ಸುಳಿಗಳ ಚಲನಶಕ್ತಿ, ಎಪ್ಸಿಲಾನ್ ಅಂದರೆ ಆ ಶಕ್ತಿ ಕರಗುವ ದರ, ಒಮೆಗಾ ಅಂದರೆ ಆ ದರವನ್ನು ಕೆಗೆ ಹೋಲಿಸಿದ ಅಂಕಿ.

ಕಾರಣ ಹೇಳುತ್ತೇನೆ. ಕೆ ಎಪ್ಸಿಲಾನ್ 1970ರ ದಶಕದ ಮಾಡೆಲ್. ಇವತ್ತು ಬಳಸುವ ಸ್ಥಿರಾಂಕಗಳು 1974ರಲ್ಲಿ ಲಾಂಡರ್ ಮತ್ತು ಸ್ಪಾಲ್ಡಿಂಗ್ ಕೊಟ್ಟವು. ಗೋಡೆಯಿಂದ ದೂರ, ಪೂರ್ತಿ ಟರ್ಬ್ಯುಲೆಂಟ್ ಆದ ಹರಿವಿಗೆ ಅದು ಇವತ್ತಿಗೂ ಒಳ್ಳೆಯದೇ. ಆದರೆ ಒತ್ತಡ ಮುಂದೆ ಮುಂದೆ ಏರುತ್ತಾ ಹೋಗುವ ಕಡೆ, ಅಂದರೆ ಡಿಫ್ಯೂಸರ್, ರೆಕ್ಕೆಯ ಹಿಂಭಾಗ, ಪಂಪಿನ ಕೇಸಿಂಗ್‌ನಂಥ ಜಾಗಗಳಲ್ಲಿ, ಹರಿವು ಗೋಡೆ ಬಿಡುವುದನ್ನು ಅದು ತಡವಾಗಿ ತೋರಿಸುತ್ತದೆ. ಕೆಲವು ಸಲ ತೋರಿಸುವುದೇ ಇಲ್ಲ. ವಿಲ್ಕಾಕ್ಸ್‌ನ 1988ರ ಕೆ ಒಮೆಗಾ ಗೋಡೆ ಪಕ್ಕ ಚೆನ್ನಾಗಿ ನಡೆಯುತ್ತದೆ. ಆದರೆ ಬೌಂಡರಿ ಲೇಯರ್ (ಗೋಡೆಯ ಪ್ರಭಾವ ಇರುವ ತೆಳು ಪದರ) ಆಚೆ ನೀವು ಕೊಟ್ಟ ಒಮೆಗಾ ಬೆಲೆಗೆ ವಿಪರೀತ ಅಲುಗಾಡುತ್ತದೆ. 1994ರಲ್ಲಿ ಮೆಂಟರ್ ಎರಡನ್ನೂ ಸೇರಿಸಿದರು. ಗೋಡೆ ಹತ್ತಿರ ಕೆ ಒಮೆಗಾ, ದೂರದಲ್ಲಿ ಕೆ ಎಪ್ಸಿಲಾನ್, ಜೊತೆಗೆ ಗೋಡೆ ಬಳಿಯ ಶಿಯರ್ ಒತ್ತಡ ಮಿತಿ ಮೀರದ ಹಾಗೆ ಒಂದು ಕಡಿವಾಣ. ಹರಿವು ಗೋಡೆ ಬಿಡುವ ಜಾಗವನ್ನು ಎಸ್‌ಎಸ್‌ಟಿ ಚೆನ್ನಾಗಿ ಹಿಡಿಯುವುದು ಈ ಕಡಿವಾಣದಿಂದಲೇ.

ಎಸ್‌ಎಸ್‌ಟಿಗೂ ದೌರ್ಬಲ್ಯ ಇದೆ. ಗೋಡೆ ಬಿಟ್ಟ ಹರಿವು ಮತ್ತೆ ಗೋಡೆಗೆ ಅಂಟುವ ಜಾಗವನ್ನು ಎಷ್ಟೋ ಸಲ ದೂರಕ್ಕೆ ತಳ್ಳುತ್ತದೆ. ಅದು ತೋರಿಸುವ ಸುಳಿಯ ಗುಳ್ಳೆ ನಿಜಕ್ಕಿಂತ ಉದ್ದ ಇರಬಹುದು ಅಂತ ಲೆಕ್ಕದಲ್ಲಿಟ್ಟುಕೊಳ್ಳಿ.

ವಿಮಾನದ ರೆಕ್ಕೆ, ಡ್ರೋನ್ ಮೈಮೇಲಿನ ಹರಿವು ಇಂಥದ್ದಕ್ಕೆ ಸ್ಪಾಲಾರ್ಟ್ ಆಲ್ಮರಾಸ್ ಸಾಕು. 1992ರ ಮಾಡೆಲ್, ಒಂದೇ ಸಮೀಕರಣ, ಬೇಗ ಕನ್ವರ್ಜ್ ಆಗುತ್ತದೆ, ಅಂದರೆ ಉತ್ತರ ಬೇಗ ಒಂದು ಕಡೆ ನಿಲ್ಲುತ್ತದೆ. ನಾಝಲ್‌ನಿಂದ ಬರುವ ಜೆಟ್‌ಗೆ ಅದನ್ನು ಹಾಕಬೇಡಿ. ಜೆಟ್‌ಗೆ ಕೆ ಎಪ್ಸಿಲಾನ್‌ನ ಸುಧಾರಿತ ರೂಪವಾದ ರಿಯಲೈಜಬಲ್ ಕೆ ಎಪ್ಸಿಲಾನ್ ಉತ್ತಮ.

ವೈ ಪ್ಲಸ್ ಅಂದರೇನು? ಅದರ ಬಗ್ಗೆ ಇಷ್ಟು ಗಲಾಟೆ ಯಾಕೆ?

ಗಲಾಟೆಗೆ ಕಾರಣ ಇದೆ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಗೋಡೆಯಲ್ಲಿ ವೇಗ ಸೊನ್ನೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ವೇಗ ಸರ್ರನೆ ಏರುತ್ತದೆ. ಗೋಡೆಯಿಂದ ದೂರವನ್ನು ಮಿಲಿಮೀಟರ್‌ನಲ್ಲಿ ಅಳೆಯುವ ಬದಲು, ಗೋಡೆಯ ಘರ್ಷಣೆ ಮತ್ತು ವಿಸ್ಕಾಸಿಟಿ ಸೇರಿಸಿ ಮಾಡಿದ ಅಳತೆಗೋಲಿನಲ್ಲಿ ಅಳೆದರೆ ಬರುವುದೇ ವೈ ಪ್ಲಸ್. ಇದರಲ್ಲಿ 5ಕ್ಕಿಂತ ಕೆಳಗೆ ವಿಸ್ಕಾಸಿಟಿಯದ್ದೇ ಆಟ. 30ರಿಂದ ಸುಮಾರು 300ರವರೆಗೆ ವೇಗ ಲಾಗರಿದಮ್ ನಿಯಮದಂತೆ ಏರುತ್ತದೆ. 5ರಿಂದ 30ರ ನಡುವೆ ಎರಡೂ ಕಲೆತಿರುತ್ತವೆ, ಅಲ್ಲಿಗೆ ಸರಳ ಸೂತ್ರ ಇಲ್ಲ.

ಹಾಗಾಗಿ ದಾರಿ ಎರಡು. ಮೊದಲ ಸೆಲ್ ಅನ್ನು ವೈ ಪ್ಲಸ್ 1ರ ಹತ್ತಿರ ಇಟ್ಟು ಗೋಡೆಯವರೆಗೂ ನೇರ ಬಿಡಿಸಿ. ಇಲ್ಲವೇ 30ರ ಮೇಲಿಟ್ಟು, ನಡುವಿನ ಭಾಗವನ್ನು ವಾಲ್ ಫಂಕ್ಷನ್ ಎಂಬ ಸೂತ್ರಕ್ಕೆ ಬಿಡಿ. ನಡುವೆ ಸಿಕ್ಕಿಕೊಳ್ಳಬೇಡಿ.

ಒಂದು ಲೆಕ್ಕ ನೋಡೋಣ. 100 ಮಿ.ಮೀ. ವ್ಯಾಸದ ಪೈಪು, ನೀರು ಸೆಕೆಂಡಿಗೆ 2 ಮೀಟರ್. ನೀರಿನ ಕೈನೆಮ್ಯಾಟಿಕ್ ವಿಸ್ಕಾಸಿಟಿ ಸೆಕೆಂಡಿಗೆ 0.0000009 ಚದರ ಮೀಟರ್ ಎಂದಿಟ್ಟುಕೊಂಡರೆ ರೆನಾಲ್ಡ್ಸ್ ಸಂಖ್ಯೆ ಸುಮಾರು 2 ಲಕ್ಷ 22 ಸಾವಿರ. ನುಣುಪಾದ ಪೈಪಿಗೆ ಬ್ಲಾಸಿಯಸ್ ಸೂತ್ರದಿಂದ ಫ್ರಿಕ್ಷನ್ ಫ್ಯಾಕ್ಟರ್ 0.0146 ಹತ್ತಿರ. ಅದನ್ನು 8ರಿಂದ ಭಾಗಿಸಿ, ವರ್ಗಮೂಲ ತೆಗೆದು, 2ರಿಂದ ಗುಣಿಸಿದರೆ ಫ್ರಿಕ್ಷನ್ ವೇಗ ಸೆಕೆಂಡಿಗೆ 0.085 ಮೀಟರ್. ವಿಸ್ಕಾಸಿಟಿಯನ್ನು ಇದರಿಂದ ಭಾಗಿಸಿ. ವೈ ಪ್ಲಸ್ 1 ಅಂದರೆ ಗೋಡೆಯಿಂದ ಸುಮಾರು 0.01 ಮಿ.ಮೀ. ವೈ ಪ್ಲಸ್ 50 ಅಂದರೆ ಅರ್ಧ ಮಿ.ಮೀ.ಗಿಂತ ತುಸು ಜಾಸ್ತಿ.

ಇಲ್ಲೊಂದು ಸಣ್ಣ ವಿಷಯ ಬಹಳ ಜನರಿಗೆ ತಪ್ಪುತ್ತದೆ. ಫ್ಲೂಯೆಂಟ್, ಓಪನ್‌ಫೋಮ್‌ನಂಥವು ವೈ ಪ್ಲಸ್ ಅಳೆಯುವುದು ಸೆಲ್‌ನ ಮಧ್ಯಬಿಂದುವಿಗೆ. ಮೆಶ್ ಮಾಡುವಾಗ ನೀವು ಕೊಡುವುದು ಸೆಲ್‌ನ ಪೂರ್ತಿ ಎತ್ತರ. ಹಾಗಾಗಿ ಮೇಲಿನ ಅಂಕಿಯ ಎರಡರಷ್ಟು ಎತ್ತರ ಕೊಡಬೇಕು. ವೈ ಪ್ಲಸ್ 50 ಬೇಕಿದ್ದರೆ ಮೊದಲ ಸೆಲ್ ಸುಮಾರು 1 ಮಿ.ಮೀ.

ರನ್ ಮುಗಿದ ಮೇಲೆ ವೈ ಪ್ಲಸ್ ಅನ್ನು ಗೋಡೆ ಮೇಲೆ ಬಣ್ಣದಲ್ಲಿ ಹಾಕಿ ನೋಡಿ. ಸರಾಸರಿ ಒಂದೇ ಅಂಕಿ ನೋಡಿ ಸುಮ್ಮನಾಗಬೇಡಿ. ಒಂದು ಮೂಲೆಯಲ್ಲಿ 3, ಇನ್ನೊಂದು ಕಡೆ 400 ಇದ್ದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ.

ಹಾಗಾದರೆ ವಾಲ್ ಫಂಕ್ಷನ್ ಬೇಕಾ, ಗೋಡೆವರೆಗೆ ಮೆಶ್ ಬೇಕಾ?

ನಿಮಗೆ ಬೇಕಾದ ಅಂಕಿ ಯಾವುದು ಎನ್ನುವುದರ ಮೇಲೆ ನಿಂತಿದೆ. ಉದ್ದನೆ ಡಕ್ಟ್‌ನ ಒತ್ತಡ ನಷ್ಟ, ಟ್ಯಾಂಕಿನಲ್ಲಿ ಕಲಕುವಿಕೆ, ಹಾಲ್‌ನಲ್ಲಿ ಗಾಳಿ ಹೇಗೆ ಸುತ್ತುತ್ತದೆ ಎನ್ನುವುದಕ್ಕೆಲ್ಲ ವಾಲ್ ಫಂಕ್ಷನ್ ಸಾಕು. ಗೋಡೆಯ ಶಾಖ, ಡ್ರ್ಯಾಗ್, ಹರಿವು ಗೋಡೆ ಬಿಡುವ ಜಾಗ ಬೇಕಿದ್ದರೆ ವೈ ಪ್ಲಸ್ 1ಕ್ಕೆ ಹೋಗಿ, ಬೌಂಡರಿ ಲೇಯರ್‌ನೊಳಗೆ ಕನಿಷ್ಠ 15 ಪದರ ಕೊಡಿ. ಪದರದಿಂದ ಪದರಕ್ಕೆ ಎತ್ತರ 1.2 ಪಟ್ಟಿಗಿಂತ ಜಾಸ್ತಿ ಬೆಳೆಯದಿರಲಿ. ವಾಲ್ ಫಂಕ್ಷನ್‌ನ ಸೂತ್ರ ಗೋಡೆಗೆ ಅಂಟಿಕೊಂಡು ಹೋಗುವ ಹರಿವಿನಿಂದ ಬಂದದ್ದು. ಗೋಡೆ ಬಿಟ್ಟ ಕಡೆ ಅದರ ಆಧಾರವೇ ಇಲ್ಲ.

ಮೆಶ್ ಎಲ್ಲ ಕಡೆ ಒಂದೇ ಥರ ಬರುವುದಿಲ್ಲ ಎಂದಾದರೆ ವೈ ಪ್ಲಸ್ ನೋಡಿ ತಾನೇ ಹೊಂದಿಕೊಳ್ಳುವ ಗೋಡೆ ಸೆಟ್ಟಿಂಗ್ ಆರಿಸಿ. ಓಪನ್‌ಫೋಮ್‌ನಲ್ಲಿ ಸ್ಪಾಲ್ಡಿಂಗ್ ಸೂತ್ರದ ವಾಲ್ ಫಂಕ್ಷನ್ ಇದೆ. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಆಲ್ ವೈ ಪ್ಲಸ್, ಆಟೋಮ್ಯಾಟಿಕ್ ಇತ್ಯಾದಿ ಹೆಸರು. ಅದು ನಷ್ಟವನ್ನು ತಗ್ಗಿಸುತ್ತದೆ. ಕೆಟ್ಟ ಮೆಶ್ ಅನ್ನು ಒಳ್ಳೆಯದು ಮಾಡುವುದಿಲ್ಲ.

ಇನ್‌ಲೆಟ್‌ನಲ್ಲಿ ಕೆ, ಎಪ್ಸಿಲಾನ್, ಒಮೆಗಾ ಏನು ಕೊಡಲಿ? ಡಿಫಾಲ್ಟ್ 1 ಅಂತ ಇದೆ.

ಡಿಫಾಲ್ಟ್ 1 ಎನ್ನುವುದು ಜಾಗ ತುಂಬಲು ಇಟ್ಟ ಅಂಕಿ. ಅದಕ್ಕೂ ನಿಮ್ಮ ಹರಿವಿಗೂ ಸಂಬಂಧ ಇಲ್ಲ.

ಮೇಲಿನ ಪೈಪನ್ನೇ ತೆಗೆದುಕೊಳ್ಳಿ. ವೇಗದ ಏರಿಳಿತ ಸರಾಸರಿ ವೇಗದ ಎಷ್ಟು ಪಾಲು ಎನ್ನುವುದೇ ಟರ್ಬ್ಯುಲೆನ್ಸ್ ಇಂಟೆನ್ಸಿಟಿ. ಪೂರ್ತಿ ಬೆಳೆದ ಪೈಪ್ ಹರಿವಿಗೆ ಅದರ ಅಂದಾಜು ಸೂತ್ರ: 0.16 ಅನ್ನು ರೆನಾಲ್ಡ್ಸ್ ಸಂಖ್ಯೆಯ 1/8ನೇ ಘಾತದಿಂದ ಭಾಗಿಸಿ. ನೂರಕ್ಕೆ 3.4 ಬರುತ್ತದೆ. ವೇಗವನ್ನು ಇಂಟೆನ್ಸಿಟಿಯಿಂದ ಗುಣಿಸಿ, ವರ್ಗ ಮಾಡಿ, 1.5ರಿಂದ ಗುಣಿಸಿದರೆ ಕೆ ಸಿಗುತ್ತದೆ: ಸುಮಾರು 0.007. ಸುಳಿಯ ಉದ್ದಕ್ಕೆ ವ್ಯಾಸದ 0.07 ಪಾಲು ಹಿಡಿಯುವುದು ರೂಢಿ, ಅಂದರೆ 7 ಮಿ.ಮೀ. ಇವುಗಳಿಂದ ಎಪ್ಸಿಲಾನ್ ಸುಮಾರು 0.014, ಒಮೆಗಾ ಸುಮಾರು 22. ಎಲ್ಲವೂ ಮೀಟರ್, ಸೆಕೆಂಡ್ ಲೆಕ್ಕದಲ್ಲಿ.

ಈಗ ಒಂದು ತಾಳೆ ನೋಡಿ. ಕೆಯನ್ನು ಒಮೆಗಾದಿಂದ ಭಾಗಿಸಿದರೆ ಸುಳಿಗಳ ಹೆಚ್ಚುವರಿ ವಿಸ್ಕಾಸಿಟಿ ಬರುತ್ತದೆ. ಅದು ನೀರಿನ ಸ್ವಂತ ವಿಸ್ಕಾಸಿಟಿಯ ಸುಮಾರು 360 ಪಟ್ಟು ಇದೆ. ಪೈಪಿನೊಳಗೆ ಇದು ನಂಬುವಂಥ ಅಂಕಿ. ಈ ಅನುಪಾತ ಲಕ್ಷಗಟ್ಟಲೆ ಬಂದರೆ ಎಲ್ಲೋ ಎಡವಿದ್ದೀರಿ. ಸುಳಿಯ ಉದ್ದವನ್ನು ಒಂದೊಂದು ಸಾಫ್ಟ್‌ವೇರ್ ಒಂದೊಂದು ರೀತಿ ಬಳಸುತ್ತದೆ. ಅದಕ್ಕೇ ಈ ಅನುಪಾತವನ್ನು ಕಡ್ಡಾಯವಾಗಿ ನೋಡಿ ಎನ್ನುತ್ತೇನೆ.

ಹೊರಗಿನ ಹರಿವಿಗೆ, ಅಂದರೆ ಡ್ರೋನ್, ಕಾರು, ರೆಕ್ಕೆಗೆ, ಪೈಪಿನ ಸೂತ್ರ ಹಾಕಬೇಡಿ. ಒಳ್ಳೆ ವಿಂಡ್ ಟನಲ್‌ನಲ್ಲಿ ಇಂಟೆನ್ಸಿಟಿ ನೂರಕ್ಕೆ 0.1ರ ಆಸುಪಾಸು ಇರುತ್ತದೆ. ವಿಸ್ಕಾಸಿಟಿ ಅನುಪಾತ ಕೆಲವೇ ಪಟ್ಟು ಸಾಕು. ಸ್ಪಾಲಾರ್ಟ್ ಆಲ್ಮರಾಸ್‌ನ ಬೆಲೆಗೆ ಗಾಳಿಯ ಸ್ವಂತ ವಿಸ್ಕಾಸಿಟಿಯ 3ರಿಂದ 5 ಪಟ್ಟು ಕೊಡುವುದು ವಾಡಿಕೆ. ಇನ್ನೂ ಒಂದು ಮಾತು. ಇನ್‌ಲೆಟ್‌ನಲ್ಲಿ ಕೊಟ್ಟ ಟರ್ಬ್ಯುಲೆನ್ಸ್ ವಸ್ತು ತಲುಪುವಷ್ಟರಲ್ಲಿ ಕರಗುತ್ತಾ ಬರುತ್ತದೆ. ವಸ್ತುವಿನ ಮುಂದೆ ಎಷ್ಟು ಉಳಿದಿದೆ ಎಂದು ಅಳೆದು ನೋಡಿ.

ಪೈಪ್ ಹಳೆಯದು, ಒಳಗೆ ಒರಟು. ಇದು ಅಷ್ಟು ಮುಖ್ಯವಾ?

ಬಹಳ ಮುಖ್ಯ. ಜಿಐ ಪೈಪಿನ ಒರಟುತನ ಸುಮಾರು 0.15 ಮಿ.ಮೀ. ಅದೇ 100 ಮಿ.ಮೀ. ಪೈಪಿಗೆ, ಅದೇ ವೇಗಕ್ಕೆ ಕೋಲ್‌ಬ್ರೂಕ್ ಸೂತ್ರ ಹಾಕಿದರೆ ಫ್ರಿಕ್ಷನ್ ಫ್ಯಾಕ್ಟರ್ 0.0227 ಹತ್ತಿರ ಬರುತ್ತದೆ. ನುಣುಪು ಪೈಪಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಗೋಡೆ ನುಣುಪು ಎಂದು ಬಿಟ್ಟು ಎಷ್ಟೇ ಒಳ್ಳೆ ಮಾಡೆಲ್ ಹಾಕಿದರೂ ಈ ಅಂತರ ಮುಚ್ಚುವುದಿಲ್ಲ. ಒರಟುತನ ಕೊಡುವಾಗ ಮೊದಲ ಸೆಲ್‌ನ ಮಧ್ಯಬಿಂದು ಒರಟಿನ ಎತ್ತರಕ್ಕಿಂತ ಮೇಲಿರಲಿ.

ಅಪಾರ್ಟ್‌ಮೆಂಟ್ ಟವರ್‌ಗಳ ಸುತ್ತ ಗಾಳಿ ನೋಡಬೇಕು. ಕೆ ಎಪ್ಸಿಲಾನ್ ಸಾಕಾ?

ಸ್ಟ್ಯಾಂಡರ್ಡ್ ಕೆ ಎಪ್ಸಿಲಾನ್ ಬೇಡ. ಗಾಳಿ ನೇರವಾಗಿ ಬಡಿಯುವ ಮುಖದಲ್ಲಿ ಅದು ಟರ್ಬ್ಯುಲೆನ್ಸನ್ನು ವಿಪರೀತ ಹುಟ್ಟಿಸುತ್ತದೆ. ಅದು ಮಹಡಿಯ ಅಂಚಿಗೆ ಹರಿದು ಬಂದು, ಅಲ್ಲಿ ಆಗಬೇಕಾದ ಬೇರ್ಪಡೆಯನ್ನೇ, ಅಂದರೆ ಹರಿವು ಗೋಡೆ ಬಿಡುವುದನ್ನೇ, ಅಳಿಸಿಹಾಕುತ್ತದೆ. ಟೆರೇಸ್ ಮೇಲಿನ ಸೋಲಾರ್ ಪ್ಯಾನೆಲ್, ನೀರಿನ ಟ್ಯಾಂಕಿನ ಮೇಲಿನ ಎಳೆತ ಕೇಳುತ್ತಿದ್ದರೆ ಈ ತಪ್ಪು ದುಬಾರಿ. ರಿಯಲೈಜಬಲ್ ಅಥವಾ ಎಸ್‌ಎಸ್‌ಟಿ ಬಳಸಿ, ಪ್ರೊಡಕ್ಷನ್ ಲಿಮಿಟರ್ (ಟರ್ಬ್ಯುಲೆನ್ಸ್ ಹುಟ್ಟುವುದಕ್ಕೆ ಮಿತಿ ಹಾಕುವ ಸೆಟ್ಟಿಂಗ್) ಆನ್ ಇದೆಯಾ ನೋಡಿ.

ಕಟ್ಟಡದ ಎತ್ತರವನ್ನು ಅಳತೆಯಾಗಿ ಹಿಡಿದು, ಮುಂದೆ, ಪಕ್ಕ, ಮೇಲೆ ಐದೈದು ಪಟ್ಟು, ಹಿಂದೆ 15 ಪಟ್ಟು ಜಾಗ ಬಿಡುವುದು ಎಲ್ಲರೂ ಒಪ್ಪಿದ ಕ್ರಮ. ಇನ್‌ಲೆಟ್‌ನಲ್ಲಿ ಒಂದೇ ವೇಗ ಕೊಡಬೇಡಿ. ನೆಲದಿಂದ ಮೇಲಕ್ಕೆ ಏರುವ ವೇಗದ ಪ್ರೊಫೈಲ್ ಕೊಡಿ. ಮೊದಲು ಕಟ್ಟಡವೇ ಇಲ್ಲದ ಖಾಲಿ ಡೊಮೇನ್‌ನಲ್ಲಿ ಓಡಿಸಿ. ಕೊಟ್ಟ ಪ್ರೊಫೈಲ್ ಕಟ್ಟಡದ ಜಾಗಕ್ಕೆ ಬರುವಷ್ಟರಲ್ಲಿ ಬದಲಾಗಿದ್ದರೆ ನೆಲದ ಒರಟುತನಕ್ಕೂ ಇನ್‌ಲೆಟ್‌ಗೂ ಹೊಂದಾಣಿಕೆ ಇಲ್ಲ ಎಂದರ್ಥ.

ಸೈಕ್ಲೋನ್ ಸೆಪರೇಟರ್‌ನಲ್ಲಿ (ಗಾಳಿಯನ್ನು ಸುತ್ತಿಸಿ ಧೂಳು ಬೇರ್ಪಡಿಸುವ ಯಂತ್ರದಲ್ಲಿ) ಎಸ್‌ಎಸ್‌ಟಿ ಉತ್ತರ ಸರಿ ಬರುತ್ತಿಲ್ಲ.

ಬರುವುದೂ ಇಲ್ಲ. ಹೆಚ್ಚುವರಿ ವಿಸ್ಕಾಸಿಟಿ ಎಂಬ ಉಪಾಯ ಎಲ್ಲ ದಿಕ್ಕಿನ ಸುಳಿಯೂ ಒಂದೇ ಥರ ಎಂದು ನಂಬುತ್ತದೆ. ಬಲವಾಗಿ ಗಿರಗಿರನೆ ತಿರುಗುವ ಹರಿವಿನಲ್ಲಿ ಆ ನಂಬಿಕೆ ಮುರಿಯುತ್ತದೆ. ಇಡೀ ಗಾಳಿ ಒಂದು ಗಟ್ಟಿ ವಸ್ತುವಿನಂತೆ ತಿರುಗುವ ಉತ್ತರ ಸಿಗುತ್ತದೆ. ಇಲ್ಲಿ ರೆನಾಲ್ಡ್ಸ್ ಸ್ಟ್ರೆಸ್ ಮಾಡೆಲ್ ಬೇಕು. ಮೂರು ಆಯಾಮದಲ್ಲಿ 7 ಹೆಚ್ಚುವರಿ ಸಮೀಕರಣ, ಕನ್ವರ್ಜ್ ಆಗುವುದು ಕಷ್ಟ. ಮೊದಲು ಕೆ ಎಪ್ಸಿಲಾನ್‌ನಲ್ಲಿ ಒಂದು ಉತ್ತರ ಪಡೆದು, ಅದರ ಮೇಲೆ ಇದನ್ನು ಹಾಕಿ, ಟೈಮ್ ಸ್ಟೆಪ್ ಇಟ್ಟು ಓಡಿಸಿ. ತಿರುವು ಅಷ್ಟೇನೂ ಬಲವಾಗಿಲ್ಲ ಎಂದರೆ ಎಸ್‌ಎಸ್‌ಟಿಗೆ ಕರ್ವೇಚರ್ ಕರೆಕ್ಷನ್ ಸೇರಿಸಿದರೆ ಸಾಕಾಗಬಹುದು.

ಲ್ಯಾಮಿನಾರ್‌ನಿಂದ ಟರ್ಬ್ಯುಲೆಂಟ್ ಆಗುವ ಜಾಗವನ್ನೇ ಹಿಡಿಯಬೇಕು. ಸಾಧ್ಯವಾ?

ಸಾಮಾನ್ಯ ಎಸ್‌ಎಸ್‌ಟಿ, ಕೆ ಎಪ್ಸಿಲಾನ್ ಮೊದಲಿನಿಂದಲೇ ಟರ್ಬ್ಯುಲೆಂಟ್ ಎಂದುಕೊಳ್ಳುತ್ತವೆ. ಸಣ್ಣ ಡ್ರೋನ್‌ನ ರೆಕ್ಕೆ, ಟರ್ಬೈನ್ ಬ್ಲೇಡ್‌ಗೆ ಅದು ಸಾಲದು. ಗಾಮಾ ರೀ ಥೀಟಾ ಎಂಬ ಟ್ರಾನ್ಸಿಷನ್ ಮಾಡೆಲ್ ಅದಕ್ಕಾಗಿ ಇದೆ.

ಇದರಲ್ಲಿ ಗಾಮಾ ಅಂದರೆ ಇಂಟರ್‌ಮಿಟೆನ್ಸಿ. ಒಂದು ಬಿಂದುವಿನಲ್ಲಿ ಒಟ್ಟು ಸಮಯದ ಎಷ್ಟು ಪಾಲು ಹರಿವು ಟರ್ಬ್ಯುಲೆಂಟ್ ಆಗಿರುತ್ತದೆ ಎನ್ನುವ ಅಂಕಿ, 0ಯಿಂದ 1ರವರೆಗೆ. ಬದಲಾವಣೆಯ ವಲಯವನ್ನು ಈ ಅಂಕಿಯಿಂದ ವಿವರಿಸುವ ಮೂಲ ಕೆಲಸದಲ್ಲಿ ನಮ್ಮೂರಿನ ಪಾಲು ದೊಡ್ಡದು. ಸತೀಶ್ ಧವನ್ ಮತ್ತು ಬೆಂಗಳೂರಿನಲ್ಲೇ ಹುಟ್ಟಿದ ರೊದ್ದಂ ನರಸಿಂಹ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಡಿದ ಈ ಅಧ್ಯಯನ 1958ರಲ್ಲಿ ಪ್ರಕಟವಾಯಿತು. ಇವತ್ತಿಗೂ ಜಗತ್ತಿನ ಎಲ್ಲ ಕಡೆ ಅದನ್ನು ಉಲ್ಲೇಖಿಸುತ್ತಾರೆ. ಇಲ್ಲಿನ ವಿದ್ಯಾರ್ಥಿಗಳಿಗೆ ಇದು ಗೊತ್ತಿರಬೇಕು ಎಂಬ ಆಸೆ ನನ್ನದು.

ಬಳಸುವಾಗ ಎರಡು ಷರತ್ತು. ವೈ ಪ್ಲಸ್ 1 ಅಥವಾ ಅದಕ್ಕಿಂತ ಕಡಿಮೆ ಇರಲೇಬೇಕು. ವಸ್ತುವಿನ ಮುಂದಿನ ಇಂಟೆನ್ಸಿಟಿ ನಿಖರವಾಗಿ ಗೊತ್ತಿರಬೇಕು. ಎರಡನೆಯದು ಗೊತ್ತಿಲ್ಲದಿದ್ದರೆ ಈ ಮಾಡೆಲ್ ಕೊಡುವ ಜಾಗವನ್ನು ನಂಬಬೇಡಿ.

ಸ್ಟೆಡಿ ರನ್ ಕನ್ವರ್ಜ್ ಆಗದೆ ರೆಸಿಡ್ಯುಯಲ್ (ಲೆಕ್ಕದಲ್ಲಿ ಇನ್ನೂ ಉಳಿದಿರುವ ತಪ್ಪಿನ ಅಂಕಿ) ಮೇಲೆ ಕೆಳಗೆ ಕುಣಿಯುತ್ತಿದೆ.

ಮೆಶ್ ಸರಿ ಇದ್ದೂ ಹೀಗಾದರೆ ಹರಿವೇ ಸ್ಥಿರವಾಗಿಲ್ಲದಿರಬಹುದು. ಕಂಬದ ಹಿಂದೆ ಸುಳಿಗಳು ಒಂದಾದ ಮೇಲೊಂದು ಕಳಚುವುದು ಇದಕ್ಕೆ ಉದಾಹರಣೆ. ಆಗ ಅನ್‌ಸ್ಟೆಡಿ, ಅಂದರೆ ಸಮಯದ ಜೊತೆ ಬದಲಾಗುವ ಹರಿವು ಎಂದು, ಓಡಿಸಿ. ಸೆಕೆಂಡಿಗೆ ಎಷ್ಟು ಸಲ ಸುಳಿ ಕಳಚುತ್ತದೆ ಎನ್ನುವುದನ್ನು ವ್ಯಾಸದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಸ್ಟ್ರೌಹಲ್ ಸಂಖ್ಯೆ; ದುಂಡು ಕಂಬಕ್ಕೆ ಅದು ವಿಶಾಲ ವ್ಯಾಪ್ತಿಯಲ್ಲಿ ಸುಮಾರು 0.2. 50 ಮಿ.ಮೀ. ಸರಳಿಗೆ ಸೆಕೆಂಡಿಗೆ 10 ಮೀಟರ್ ಗಾಳಿ ಬಡಿದರೆ ಸೆಕೆಂಡಿಗೆ 40 ಸಲ ಸುಳಿ ಕಳಚುತ್ತದೆ. ಒಂದು ಸುತ್ತಿಗೆ 25 ಮಿಲಿಸೆಕೆಂಡ್. ಅದನ್ನು 50ರಿಂದ 100 ಭಾಗ ಮಾಡಿದರೆ ಟೈಮ್ ಸ್ಟೆಪ್ ಸಿಗುತ್ತದೆ.

ಫಸ್ಟ್ ಆರ್ಡರ್ ಅಪ್‌ವಿಂಡ್ ಎಂಬ ಒರಟು ಲೆಕ್ಕದ ಸ್ಕೀಮ್‌ಗೆ ಬದಲಿಸಿ ಕುಣಿತ ನಿಲ್ಲಿಸುವುದನ್ನು ಬಹಳ ಕಡೆ ನೋಡಿದ್ದೇನೆ. ಶುರುವಿನ ಒಂದಷ್ಟು ಸುತ್ತಿಗೆ ಪರವಾಗಿಲ್ಲ. ಕೊನೆಯ ಉತ್ತರಕ್ಕೆ ವೇಗದ ಸಮೀಕರಣ ಸೆಕೆಂಡ್ ಆರ್ಡರ್ ಇರಲೇಬೇಕು. ಫಸ್ಟ್ ಆರ್ಡರ್ ತಾನೇ ಒಂದಷ್ಟು ಸುಳ್ಳು ವಿಸ್ಕಾಸಿಟಿ ಸೇರಿಸುತ್ತದೆ. ಆಮೇಲೆ ನೀವು ನೋಡುತ್ತಿರುವುದು ಮಾಡೆಲ್‌ನ ಉತ್ತರವೋ ಸ್ಕೀಮ್‌ನ ಉತ್ತರವೋ ಹೇಳಲಾಗುವುದಿಲ್ಲ.

ಎಲ್‌ಇಎಸ್ (ಲಾರ್ಜ್ ಎಡ್ಡಿ ಸಿಮ್ಯುಲೇಷನ್) ಮಾಡಿದರೆ ಈ ತಲೆನೋವೆಲ್ಲ ಹೋಗುತ್ತದಾ?

ಹೋಗುವುದಿಲ್ಲ, ಬೇರೆ ತಲೆನೋವು ಬರುತ್ತದೆ. ಎಲ್‌ಇಎಸ್‌ನಲ್ಲಿ ದೊಡ್ಡ ಸುಳಿಗಳನ್ನು ನೇರ ಬಿಡಿಸಿ ಸಣ್ಣವನ್ನಷ್ಟೇ ಮಾಡೆಲ್ ಮಾಡುತ್ತೇವೆ. ಸ್ಮಾಗೊರಿನ್‌ಸ್ಕಿ 1963ರಲ್ಲಿ ಹವಾಮಾನದ ಲೆಕ್ಕಕ್ಕೆಂದು ಕೊಟ್ಟ ಮಾಡೆಲ್‌ನಿಂದ ಇದು ಬೆಳೆದದ್ದು. ಗೋಡೆ ಇಲ್ಲದ ಕಡೆ, ಉದಾಹರಣೆಗೆ ಜೆಟ್, ಬೆಂಕಿಯ ಹೊಗೆಯಲ್ಲಿ, ಇದು ಅದ್ಭುತವಾಗಿ ನಡೆಯುತ್ತದೆ. ಗೋಡೆ ಪಕ್ಕ ಮಾತ್ರ ಸುಳಿಗಳೇ ತೀರಾ ಸಣ್ಣವು. ಅಲ್ಲಿ ಎತ್ತರಕ್ಕೆ ವೈ ಪ್ಲಸ್ 1 ಇಟ್ಟರಷ್ಟೇ ಸಾಲದು. ಹರಿವಿನ ದಿಕ್ಕಿಗೆ ಅದೇ ಅಳತೆಯಲ್ಲಿ 50ರಿಂದ 100, ಅಡ್ಡಕ್ಕೆ 15ರಿಂದ 30 ಒಳಗೆ ಸೆಲ್ ಇರಬೇಕು. ಸೆಲ್‌ಗಳ ಸಂಖ್ಯೆ ಕೋಟಿಗಳಿಗೆ ಹೋಗುತ್ತದೆ. ಒಂದು ಟೈಮ್ ಸ್ಟೆಪ್‌ನಲ್ಲಿ ಹರಿವು ಒಂದು ಸೆಲ್ ದಾಟದಂತೆಯೂ ನೋಡಿಕೊಳ್ಳಬೇಕು. ರಾನ್ಸ್‌ಗೆಂದು ಮಾಡಿದ ಮೆಶ್ ಮೇಲೆ ಎಲ್‌ಇಎಸ್ ಬಟನ್ ಒತ್ತಿದರೆ ಬರುವ ಚಿತ್ರ ಚೆಂದ ಇರುತ್ತದೆ, ಅಂಕಿ ರಾನ್ಸ್‌ಗಿಂತ ಕೆಟ್ಟದಾಗಿರುತ್ತದೆ.

ಮಧ್ಯದ ದಾರಿ ಡಿಇಎಸ್ (ಡಿಟ್ಯಾಚ್ಡ್ ಎಡ್ಡಿ ಸಿಮ್ಯುಲೇಷನ್). ಗೋಡೆ ಪಕ್ಕ ರಾನ್ಸ್, ದೂರದಲ್ಲಿ ಎಲ್‌ಇಎಸ್. 1997ರ ಮೂಲ ರೂಪದಲ್ಲಿ ಒಂದು ದೋಷ ಇತ್ತು: ಗೋಡೆ ಬಳಿ ಮೆಶ್ ಸಣ್ಣದಾದರೆ ಬೌಂಡರಿ ಲೇಯರ್‌ನೊಳಗೇ ಎಲ್‌ಇಎಸ್ ಆಗಿ ಬದಲಾಗಿ, ಹರಿವು ಸುಳ್ಳಾಗಿ ಗೋಡೆ ಬಿಡುತ್ತಿತ್ತು. 2006ರ ಡಿಡಿಇಎಸ್ (ಡಿಲೇಯ್ಡ್ ಡಿಇಎಸ್) ಇದನ್ನು ಸರಿ ಮಾಡಿತು. ಕಾರಿನ ಹಿಂಭಾಗ, ಲ್ಯಾಂಡಿಂಗ್ ಗೇರ್‌ನಂಥ ದೊಡ್ಡ ಬೇರ್ಪಡೆ ಇರುವ ಕಡೆ ಡಿಡಿಇಎಸ್ ಅನ್ನೇ ಆರಿಸಿ.

ಟೆಸ್ಟ್ ಅಂಕಿಗೆ ಹೊಂದಿಸಲು ಮಾಡೆಲ್‌ನ ಸ್ಥಿರಾಂಕ ಬದಲಿಸಬಹುದಾ?

ಬೇಡ. ಕೆ ಎಪ್ಸಿಲಾನ್‌ನ 0.09, 1.44, 1.92 ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಅಲುಗಿಸಿದರೆ ಲಾಗರಿದಮ್ ನಿಯಮವೇ ತಪ್ಪಬಹುದು. ಒಂದು ಕೇಸ್‌ಗೆ ಹೊಂದುತ್ತದೆ, ಮುಂದಿನದಕ್ಕೆ ಕೈಕೊಡುತ್ತದೆ.

ಮೆಶ್ ಸಣ್ಣ ಮಾಡಿದಷ್ಟೂ ಉತ್ತರ ಬದಲಾಗುತ್ತಲೇ ಇದೆ. ಯಾಕೆ?

ವಾಲ್ ಫಂಕ್ಷನ್ ಬಳಸುತ್ತಿದ್ದೀರಾ? ಹಾಗಿದ್ದರೆ ಎಲ್ಲ ಕಡೆ ಸಣ್ಣ ಮಾಡಿದಾಗ ಮೊದಲ ಸೆಲ್ ಕೂಡ ಸಣ್ಣದಾಗಿ ವೈ ಪ್ಲಸ್ 30ರ ಕೆಳಗೆ ಜಾರಿದೆ. ಸೂತ್ರವೇ ಕೆಲಸ ಮಾಡದ ಜಾಗಕ್ಕೆ ಬಂದಿದ್ದೀರಿ. ಮೊದಲ ಸೆಲ್‌ನ ಎತ್ತರ ಹಾಗೇ ಇಟ್ಟು ಉಳಿದದ್ದನ್ನು ಸಣ್ಣ ಮಾಡಿ. ಮೂರು ಮೆಶ್ ಮಾಡಿ, ಒಂದರಿಂದ ಇನ್ನೊಂದಕ್ಕೆ ಸೆಲ್ ಅಳತೆ ಕನಿಷ್ಠ 1.3 ಪಟ್ಟು ಬದಲಾಗಲಿ.

ನನ್ನ ಸೆಟ್ಟಿಂಗ್ ಸರಿ ಇದೆ ಎಂದು ಹೇಗೆ ಗೊತ್ತಾಗುತ್ತದೆ?

ನಿಮ್ಮ ಹರಿವನ್ನು ಹೋಲುವ, ಅಳತೆ ಇರುವ ಒಂದು ಹಳೆಯ ಕೇಸ್ ಮೊದಲು ಓಡಿಸಿ. ಹರಿವು ಗೋಡೆ ಬಿಡುವ ಕೆಲಸ ಇದ್ದರೆ ಮೆಟ್ಟಿಲಿನಿಂದ ಕೆಳಗಿಳಿಯುವ ಹರಿವಿನ ಕೇಸ್ ಉತ್ತಮ. ಡ್ರೈವರ್ ಮತ್ತು ಸೀಗ್‌ಮಿಲ್ಲರ್ 1985ರಲ್ಲಿ ಅಳೆದಂತೆ ಹರಿವು ಮತ್ತೆ ನೆಲಕ್ಕೆ ಅಂಟುವುದು ಮೆಟ್ಟಿಲಿನ ಎತ್ತರದ ಸುಮಾರು 6.26 ಪಟ್ಟು ದೂರದಲ್ಲಿ. ಸ್ಟ್ಯಾಂಡರ್ಡ್ ಕೆ ಎಪ್ಸಿಲಾನ್ ಇದನ್ನು ಸ್ಪಷ್ಟವಾಗಿ ಗಿಡ್ಡ ತೋರಿಸುತ್ತದೆ. ನಾಸಾದ ಲ್ಯಾಂಗ್ಲಿ ಕೇಂದ್ರ ಶುರು ಮಾಡಿದ ಜಾಲತಾಣದಲ್ಲಿ ಇಂಥ ಕೇಸ್‌ಗಳ ಮೆಶ್, ಅಳತೆ, ಉತ್ತರ ಎಲ್ಲವೂ ಉಚಿತವಾಗಿ ಸಿಗುತ್ತವೆ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಮೊದಲ ವಾರ ಇದಕ್ಕೇ ಕೊಡಿ.

ಪಂಪ್, ಫ್ಯಾನ್ ಮಾಡುವವರಿಗೆ ಟೆಸ್ಟ್ ಬೆಡ್ ಇರುತ್ತದೆ. ಒಂದೇ ಬಿಂದುವಿನಲ್ಲಿ ತಾಳೆ ನೋಡಬೇಡಿ. ಹರಿವು ಕಡಿಮೆ ಇರುವ ಕಡೆ, ವಿನ್ಯಾಸದ ಬಿಂದು, ಜಾಸ್ತಿ ಇರುವ ಕಡೆ, ಮೂರರಲ್ಲೂ ನೋಡಿ. ವಿನ್ಯಾಸದ ಬಿಂದುವಿನಲ್ಲಿ ಯಾವ ಮಾಡೆಲ್ ಆದರೂ ಚೆನ್ನಾಗಿ ಹೊಂದುತ್ತದೆ. ವ್ಯತ್ಯಾಸ ಕಾಣುವುದು ಆಚೀಚೆ.

ಎರಡು ಮಾಡೆಲ್ ಎರಡು ಉತ್ತರ ಕೊಟ್ಟವು. ಗಿರಾಕಿಗೆ ಯಾವುದನ್ನು ಹೇಳಲಿ?

ಎರಡನ್ನೂ ಹೇಳಿ. ಎರಡರ ನಡುವಿನ ಅಂತರವೇ ಅನಿಶ್ಚಿತತೆಯ ಒಂದು ಅಂದಾಜು. ಅಂತರ ನೂರಕ್ಕೆ 2 ಇದ್ದರೆ ಧೈರ್ಯವಾಗಿ ಮುಂದೆ ಹೋಗಬಹುದು. ನೂರಕ್ಕೆ 20 ಇದ್ದರೆ ಹರಿವು ಎಲ್ಲಿ ಬೇರೆಯಾಗುತ್ತಿದೆ ಎಂದು ಎರಡು ಚಿತ್ರ ಪಕ್ಕಪಕ್ಕ ಇಟ್ಟು ಹುಡುಕಿ. ಸಾಮಾನ್ಯವಾಗಿ ಒಂದೇ ಜಾಗದಲ್ಲಿ, ಒಂದು ತಿರುವಿನಲ್ಲೋ ಒಂದು ಅಂಚಿನಲ್ಲೋ, ಒಂದು ಮಾಡೆಲ್‌ನಲ್ಲಿ ಹರಿವು ಗೋಡೆ ಬಿಟ್ಟಿರುತ್ತದೆ, ಇನ್ನೊಂದರಲ್ಲಿ ಬಿಟ್ಟಿರುವುದಿಲ್ಲ. ಒತ್ತಡ ಅಳೆಯುವ ತೂತು ಕೊರೆಯಬೇಕಾದ ಜಾಗವೂ ಅದೇ.

ರಿಪೋರ್ಟ್‌ನಲ್ಲಿ ಮಾಡೆಲ್ ಹೆಸರಿನ ಜೊತೆ ವೈ ಪ್ಲಸ್‌ನ ಕನಿಷ್ಠ ಮತ್ತು ಗರಿಷ್ಠ, ಗೋಡೆ ಸೆಟ್ಟಿಂಗ್, ಇನ್‌ಲೆಟ್‌ನ ಇಂಟೆನ್ಸಿಟಿ ಮತ್ತು ವಿಸ್ಕಾಸಿಟಿ ಅನುಪಾತ, ಬಳಸಿದ ಸಾಂದ್ರತೆ, ಮೂರು ಮೆಶ್‌ನ ಉತ್ತರ, ಸಾಫ್ಟ್‌ವೇರ್‌ನ ಆವೃತ್ತಿ ಇಷ್ಟನ್ನೂ ಬರೆಯಿರಿ. ಆರು ತಿಂಗಳ ನಂತರ ಬೇರೆಯವರು ಅದೇ ಕೇಸ್ ತೆರೆದಾಗ ನಿಮ್ಮನ್ನು ಕೇಳದೆಯೇ ಮತ್ತೆ ಓಡಿಸುವಂತಿರಬೇಕು.